ಅಳಿಯನ ಮುಂದೆ ಹೇಳಲಾಗದ ಮಾತು

ಮೊಮ್ಮಕ್ಕಳೇ, ನಾನು ಹುಟ್ಟಿದ ಮನೆಯಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುತ್ತಿರಲಿಲ್ಲ. ನನ್ನ ಅಮ್ಮ ನಿಮ್ಮ ಅಜ್ಜನ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ನೋಡಿಯೇ ಇಲ್ಲ. ಅವರು ಊಟಕ್ಕೆ ಕೂತಾಗ ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು, "ಇನ್ನೊಂದು ಸೌಟು ಸಾರು ಹಾಕ್ಲಾ ಕೇಳೇ" ಎಂದು ನನಗೆ ಹೇಳುತ್ತಿದ್ದಳು. ಅದು ಅವರ ಕಿವಿಗೆ ಬಿದ್ದಿರುತ್ತಿತ್ತು. ಆದರೂ ನಾನು ಕೇಳಬೇಕು, ಅವರು ನನಗೆ ಉತ್ತರ ಹೇಳಬೇಕು, ಆಮೇಲೆ ಅಮ್ಮ ಸೌಟು ಎತ್ತಬೇಕು. ಅವರಿಬ್ಬರ ನಡುವೆ ಮನಸ್ತಾಪವೇನೂ ಇರಲಿಲ್ಲ. ನಿಮ್ಮ ಅಜ್ಜ ಬರುತ್ತಾರೆ ಎಂದು ತಿಳಿದರೆ ಅಮ್ಮ ಬೆಳಗಿನಿಂದ ಕಡುಬಿಗೆ ಅಕ್ಕಿ ನೆನೆಹಾಕುತ್ತಿದ್ದಳು. ಮಾತಾಡದಿರುವುದೇ ಮರ್ಯಾದೆ ಅನ್ನಿಸಿಕೊಳ್ಳುತ್ತಿತ್ತು, ಅಷ್ಟೆ.

ನಿಮ್ಮ ಅಪ್ಪ ನನಗೆ ಅಳಿಯ. ನಾನೂ ಅಮ್ಮನ ಹಾಗೆಯೇ ನಡೆದುಕೊಂಡೆ. ನೀವು ಹುಟ್ಟುವ ಮೊದಲು ನಿಮ್ಮ ಅಮ್ಮನ ಮೂಲಕ ಮಾತಾಡುತ್ತಿದ್ದೆ. ನೀವು ಹುಟ್ಟಿದ ಮೇಲೆ ನಿಮ್ಮ ಮೂಲಕ. "ನಿಮ್ಮಪ್ಪಂಗೆ ಹೇಳು, ಕಾಫಿ ಆರ್ತಾ ಇದೆ" ಎಂದರೆ ನೀವಿಬ್ಬರೂ ನಗುತ್ತಿದ್ದಿರಿ. "ಅಜ್ಜಿ, ಅಪ್ಪ ಇಲ್ಲೇ ಕೂತಿದಾರಲ್ಲ, ನೀನೇ ಹೇಳು" ಎಂದು ದೊಡ್ಡವಳು ನನ್ನ ಸೆರಗು ಹಿಡಿದು ಮುಂದೆ ನೂಕುತ್ತಿದ್ದಳು. ನಿಮ್ಮ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅಜ್ಜಿಗೆ ಹೇಳು, ನಂಗೆ ಆರಿದ್ದೇ ಇಷ್ಟ ಅಂತ" ಎನ್ನುತ್ತಿದ್ದರು. ನನಗಿಂತ ಚಿಕ್ಕವರಾದರೂ ಅವರನ್ನು ನಾನು ಬಹುವಚನದಲ್ಲೇ ಹೇಳುವುದು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಆ ನಾಚಿಕೆಯಿಂದಲೇ ನನ್ನ ಜೀವ ಹೋಗುವುದರಲ್ಲಿತ್ತು. ಎದೆಯ ರೋಗಕ್ಕೆ ಸಿಕ್ಕಿದ್ದ ಒಂದೇ ಒಂದು ಒಳ್ಳೆಯ ಚಿಕಿತ್ಸೆಯೂ ಅದರಿಂದಾಗಿ ಕೈತಪ್ಪುವುದರಲ್ಲಿತ್ತು. ಅಜ್ಜಿ ಆಸ್ಪತ್ರೆಗೆ ಹೋಗಿದ್ದಳು, ಮುಖ ಊದಿಕೊಂಡು ಬಂದಳು ಎಂಬುದಷ್ಟೇ ನಿಮಗೆ ಗೊತ್ತು. ನಡುವೆ ಏನಾಯಿತು ಎಂದು ಯಾರೂ ನಿಮಗೆ ಹೇಳಿಲ್ಲ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ಬಂದದ್ದು ಉಬ್ಬಸ. ಆಗ ನಾನು ಭದ್ರಾವತಿಯಲ್ಲಿದ್ದೆ. ನಿಮ್ಮ ಅಜ್ಜ ಹೋಗಿ ಕೆಲವು ವರ್ಷಗಳಾಗಿದ್ದವು, ಅವರು ಹೋದದ್ದು ಹೃದಯ ನಿಂತು. ಬಾಡಿಗೆಯ ಎರಡು ಕೋಣೆಯ ಮನೆ ನನಗೆ ಒಬ್ಬಳಿಗೆ ಸಾಕಾಗಿತ್ತು. ನಲ್ಲಿಯಿಂದ ಕೊಡ ಎತ್ತಿಕೊಂಡು ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡೆ. ಪಕ್ಕದ ಮನೆಯ ತಮಿಳಿನ ಅಕ್ಕ ನನ್ನ ಕೈಯಿಂದ ಕೊಡ ಕಿತ್ತುಕೊಂಡು, "ಏನ್ ಮಾರಾಯ್ತಿ, ರೈಲ್ ಇಂಜಿನ್ ನುಂಗಿದ್ಯಾ, ಇಷ್ಟು ಸದ್ದು ಬರ್ತಿದೆ? ಮಗಳಿಗೆ ಫೋನ್ ಮಾಡ್ತೀಯಾ, ನಾನ್ ಮಾಡ್ಲಾ?" ಎಂದರು. ಅವರೇ ಮಾಡಿದರು.

ನಿಮ್ಮ ಅಮ್ಮ ಬಂದು ನನ್ನನ್ನು ಗೋಪಾಳದ ನಿಮ್ಮ ಮನೆಗೆ ಕರೆದುಕೊಂಡು ಹೋದಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಬಲಗಡೆ ಎದೆಯಲ್ಲಿ ನೀರು ತುಂಬಿತ್ತು. ಬೆನ್ನಿಗೆ ಸೂಜಿ ಹಾಕಿ ತೆಗೆದರು, ಹಾಲು ಹಾಕದ ಟೀ ಬಣ್ಣದ ನೀರು. ಉಸಿರು ಹಗುರವಾಯಿತು, ಇನ್ನು ಮನೆಗೆ ಹೋಗಬಹುದು ಅಂದುಕೊಂಡೆ. ನೀರು ಮತ್ತೆ ತುಂಬಿತು. ಆಮೇಲೆ ಪೊರೆಯ ಚೂರು ತೆಗೆದು ಪರೀಕ್ಷೆಗೆ ಹೊರ ಊರಿಗೆ ಕಳಿಸಿದರು. ಶ್ವಾಸಕೋಶಕ್ಕೆ ಹೊದ್ದಿಸಿದ ಹಾಗೆ ಒಂದು ತೆಳುವಾದ ಪೊರೆ ಇರುತ್ತದಂತೆ. ಅದರಲ್ಲಿ ಕ್ಯಾನ್ಸರ್. ಹೆಸರು ಮೆಸೋಥೀಲಿಯೋಮಾ. ಆ ಹೆಸರನ್ನು ನಾನು ನಿಮ್ಮ ಅಮ್ಮನ ಕೈಲಿ ಬರೆಸಿಕೊಂಡು ಬಾಯಿಪಾಠ ಮಾಡಿದೆ. ನನ್ನೊಳಗೇ ಇರುವುದರ ಹೆಸರು ನನಗೆ ಹೇಳಲು ಬರಬೇಕು ಅನ್ನಿಸಿತು.

ಡಾಕ್ಟರು ಹುಡುಗನಂತಿದ್ದರು. ಕನ್ನಡಕ, ತೆಳ್ಳನೆ ಮೀಸೆ. ನಿಮ್ಮ ಅಪ್ಪ, ಅಮ್ಮ, ನಾನು ಮೂವರೂ ಕೂತಿದ್ದೆವು. ಅವರು ನನ್ನನ್ನು ಕೇಳಿದರು.

"ಅಮ್ಮಾ, ನೀವು ಯಾವುದಾದ್ರೂ ಫ್ಯಾಕ್ಟರಿಲಿ ಕೆಲಸ ಮಾಡಿದ್ರಾ?"

ನಾನು ತಲೆ ಅಲ್ಲಾಡಿಸಿದೆ.

"ಇಲ್ಲ ಸರ್, ಅಮ್ಮ ಮನೇಲೇ ಇದ್ದಿದ್ದು" ಎಂದಳು ನಿಮ್ಮ ಅಮ್ಮ. "ಅಪ್ಪ ಬಾಯ್ಲರ್ ಕೆಲಸ ಮಾಡ್ತಿದ್ರು. ಅಕ್ಕಿ ಮಿಲ್‌ಗಳಲ್ಲಿ ಹಬೆ ಪೈಪಿಗೆ ಸುತ್ತೋದು, ಲೇಪ ಹಾಕೋದು. ಒಬ್ಬ ಮೇಸ್ತ್ರಿ ಹತ್ರ ಇದ್ರು."

"ಏನು ಸುತ್ತೋರು?"

"ಬಿಳೀದು. ಹಗ್ಗ, ಬಟ್ಟೆ ಥರ. ಆಸ್ಬೆಸ್ಟಾಸ್ ಅಂತಿದ್ರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರ ಬಟ್ಟೆ ಒಗೀತಿದ್ದೋರು ಯಾರು?" ಎಂದರು.

ನಿಮ್ಮ ಅಪ್ಪ ಅಮ್ಮ ಇಬ್ಬರೂ ನನ್ನ ಕಡೆ ತಿರುಗಿದರು. ಉತ್ತರ ಎಲ್ಲರಿಗೂ ಗೊತ್ತಿತ್ತು.

ನಿಮ್ಮ ಅಜ್ಜ ಸಂಜೆ ಬಂದು ಅಂಗಿ ಬಿಚ್ಚಿ ಕೊಡುತ್ತಿದ್ದರು. ನಾನು ಅದನ್ನು ಹಿತ್ತಲಿನ ಬಾಗಿಲ ಚೌಕಟ್ಟಿಗೆ ಪಟಪಟ ಬಡಿದು, ಧೂಳು ಹಾರಿಸಿ, ಆಮೇಲೆ ನೆನೆಹಾಕುತ್ತಿದ್ದೆ. ಬಡಿಯದೆ ನೀರಿಗೆ ಹಾಕಿದರೆ ಆ ಬಿಳಿ ಎಳೆ ಎಲ್ಲ ಬಟ್ಟೆಗೂ ಮೆತ್ತಿಕೊಳ್ಳುತ್ತಿತ್ತು. ಬಿಸಿಲು ಬಿದ್ದಾಗ ಅದು ಗಾಳಿಯಲ್ಲಿ ಹೊಳೆಯುವುದು ಕಾಣುತ್ತಿತ್ತು. "ನಿನ್ ಗಂಡ ಹತ್ತಿ ಮಿಲ್ಲಿಗೆ ಹೋಗ್ತಾನಾ, ಅಕ್ಕಿ ಮಿಲ್ಲಿಗೆ ಹೋಗ್ತಾನಾ?" ಎಂದು ತಮಿಳಿನ ಅಕ್ಕ ಗೋಡೆಯಾಚೆಯಿಂದ ಗೇಲಿ ಮಾಡುತ್ತಿದ್ದರು. ಅದು ವಿಷ ಎಂದು ನಮಗಾರಿಗೂ ಗೊತ್ತಿರಲಿಲ್ಲ. ನಿಮ್ಮ ಅಜ್ಜನಿಗೂ ಗೊತ್ತಿರಲಿಲ್ಲ. ಉಳಿದ ತುಂಡು ಬಟ್ಟೆಯನ್ನು ಮನೆಗೆ ತಂದು, ಬಿಸಿ ಪಾತ್ರೆ ಇಳಿಸಲು ಒಳ್ಳೆಯದು ಎಂದು ನನಗೆ ಕೊಟ್ಟಿದ್ದರು. ಕೈ ಸುಡುತ್ತಲೇ ಇರಲಿಲ್ಲ. ಅವರು ನನಗೆ ತಂದುಕೊಟ್ಟ ಸಾಮಾನುಗಳಲ್ಲಿ ನಾನು ಹೆಚ್ಚು ಬಳಸಿದ್ದು ಅದನ್ನೇ.

ಅವರ ಮೇಲೆ ಸಿಟ್ಟು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು, ಆದರೆ ರೋಗಕ್ಕಲ್ಲ. ಇಂಥ ಸುದ್ದಿ ತಿಳಿದ ದಿನ ಎದುರಿಗೆ ಕೂತು ಕೇಳಲು ಅವರಿಲ್ಲವಲ್ಲ ಎಂದು ಬಂತು. ಆ ಬಿಳಿ ಎಳೆ ಹೇಗಿತ್ತು, ಅದರ ವಾಸನೆ ಹೇಗಿತ್ತು ಎಂದು ನನ್ನ ಬಿಟ್ಟರೆ ಅವರೊಬ್ಬರಿಗೇ ಗೊತ್ತಿದ್ದದ್ದು. ನಿಮ್ಮ ಅಮ್ಮ ಆ ದಿನ ಮನೆಗೆ ಬರುವಾಗ ಆಟೋದಲ್ಲಿ ಅತ್ತಳು. ನಾನು ಅವಳ ಬೆನ್ನು ಸವರಿದೆ. ನನ್ನ ಬೆನ್ನಿಗೆ ಸೂಜಿ ಹಾಕಿದ ಜಾಗ ನೋಯುತ್ತಿತ್ತು.

ಶಸ್ತ್ರಚಿಕಿತ್ಸೆ ಆಗುವುದಿಲ್ಲ ಎಂದರು. ಕೀಮೋ ಕೊಡಬಹುದು, ಆದರೆ ಈಗ ಇದಕ್ಕೆ ಇಮ್ಯುನೋಥೆರಪಿ ಎಂಬುದು ಬಂದಿದೆ, ನನ್ನ ಚೂರಿನ ವರದಿ ನೋಡಿದರೆ ಅದೇ ಒಳ್ಳೆಯದು ಎಂದರು. ಎರಡು ದುಬಾರಿ ಔಷಧ ಸೇರಿಸಿ ಕೊಡುವುದು. ಅರ್ಜಿ ಹಾಕಿಸಿ ಬೆಲೆ ಒಂದಷ್ಟು ಕಡಿಮೆ ಮಾಡಿಸಿದರು, ಉಳಿದದ್ದಕ್ಕೆ ನಿಮ್ಮ ಅಜ್ಜ ಕೊಂಡಿಟ್ಟಿದ್ದ ನಿವೇಶನ ಹೋಯಿತು. ಆ ಲೆಕ್ಕ ನಿಮಗೆ ಬೇಡ.

"ಇದು ಗುಣ ಮಾಡುತ್ತೆ ಅಂತ ನಾನು ಹೇಳಲ್ಲ" ಎಂದರು ಡಾಕ್ಟರು. "ಕೆಲವರಲ್ಲಿ ಗಂಟು ಬೆಳೆಯೋದನ್ನ ನಿಲ್ಲಿಸುತ್ತೆ, ಕೆಲವರಲ್ಲಿ ಕುಗ್ಗಿಸುತ್ತೆ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ. ನಮ್ಮ ಮೈಯಲ್ಲಿ ಕಾಯೋ ಕಣ ಇರ್ತವೆ ಅಮ್ಮಾ. ಈ ಗಂಟು ಅವಕ್ಕೆ ಸುಮ್ನಿರಿ, ನಾನು ಮನೆಯವನೇ ಅಂತ ಹೇಳಿ ಕೂರಿಸಿಬಿಟ್ಟಿದೆ. ಔಷಧಿ ಹೋಗಿ ಆ ಮಾತು ಅವುಗಳ ಕಿವಿಗೆ ಬೀಳದ ಹಾಗೆ ಮಾಡುತ್ತೆ. ಆಗ ಅವು ಎದ್ದು ಗಂಟಿನ ಮೇಲೆ ಹೋಗ್ತವೆ."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಎದ್ದ ಕಣಗಳು ಕೆಲವೊಮ್ಮೆ ಗುರುತು ತಪ್ಪಿ ಹೊಟ್ಟೆ, ಚರ್ಮ, ಶ್ವಾಸಕೋಶ, ಯಾವುದರ ಮೇಲೆ ಬೇಕಾದರೂ ತಿರುಗುತ್ತವೆ. ಅದಕ್ಕೇ ಮೈ ಕೆರೆತ, ಕೆಮ್ಮು, ಭೇದಿ, ಸುಸ್ತು, ಏನಾದರೂ ಅದೇ ದಿನ ತಿಳಿಸಬೇಕು. ಮೊದಲೇ ತಿಳಿದರೆ ತಡೆಯಬಹುದು, ತಡವಾದರೆ ಕಷ್ಟ. ಅವರು ಇದನ್ನೆಲ್ಲ ನಿಮ್ಮ ಅಪ್ಪನ ಮುಖ ನೋಡಿ ಹೇಳಿದರು. ನಿಮ್ಮ ಅಪ್ಪ ತಲೆ ಆಡಿಸಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

ನಿಮ್ಮ ಅಮ್ಮ ಪಾಠ ಹೇಳಲು ದೂರದ ಹಳ್ಳಿಯ ಶಾಲೆಗೆ ಬೆಳಗಿನ ಬಸ್ಸಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ನನ್ನ ಪರೀಕ್ಷೆ ಮಾಡಿಸುವಾಗಲೇ ಅವಳ ರಜೆ ಮುಗಿದಿತ್ತು. ಹಾಗಾಗಿ ಮೂರು ವಾರಕ್ಕೊಮ್ಮೆ ನನ್ನನ್ನು ಡ್ರಿಪ್ಪಿಗೆ ಕರೆದೊಯ್ಯುವ ಕೆಲಸ ನಿಮ್ಮ ಅಪ್ಪನದಾಯಿತು. ನವುಲೆ ಕಡೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅವರ ರಿವೈಂಡಿಂಗ್ ಅಂಗಡಿ ಇದೆಯಲ್ಲ, ಅರ್ಧ ದಿನ ಅದಕ್ಕೆ ಬಾಗಿಲು ಹಾಕುತ್ತಿದ್ದರು. ರೈತರು ಸುಟ್ಟ ಪಂಪು ಹಿಡಿದುಕೊಂಡು ಕಾಯುತ್ತಿರುತ್ತಾರೆ ಎಂದು ನನಗೆ ಗೊತ್ತು. ಅವರ ಸ್ಕೂಟರಿನ ಹಿಂದೆ ನಾನು ಕೂರುವುದಿಲ್ಲ ಎಂದು ಅವರಿಗೆ ಗೊತ್ತು. ಆಟೋ ಕರೆಸಿ ನನ್ನನ್ನು ಕೂರಿಸಿ, ಅವರು ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದರು. ದಾರಿಯುದ್ದಕ್ಕೂ ಆಟೋದ ಕನ್ನಡಿಯಲ್ಲಿ ಅವರ ಹೆಲ್ಮೆಟ್ ಕಾಣುತ್ತಿತ್ತು.

ಡ್ರಿಪ್ ಕೊಡುವ ಕೋಣೆಯಲ್ಲಿ ಸಾಲಾಗಿ ಕುರ್ಚಿ. ಪ್ರತಿಯೊಬ್ಬರ ಪಕ್ಕ ಒಬ್ಬರು. ಹೆಂಡತಿಯ ಕಾಲು ಒತ್ತುವ ಗಂಡ, ತಾಯಿಗೆ ಎಳನೀರು ಕುಡಿಸುವ ಮಗ. ನಿಮ್ಮ ಅಪ್ಪ ನನ್ನ ಹತ್ತಿರ ಕೂತರೆ ನನಗೆ ಮುಜುಗರ ಎಂದು ತಿಳಿದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ನನ್ನ ಪಕ್ಕದ ಸ್ಟೂಲು ಖಾಲಿ ಇರುತ್ತಿತ್ತು. ಯಾರಾದರೂ ಬಂದು, "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿ ಅದನ್ನು ಎತ್ತಿಕೊಂಡು ಹೋಗುತ್ತಿದ್ದರು.

ಒಮ್ಮೆ ಪಕ್ಕದ ಕುರ್ಚಿಗೆ ಒಬ್ಬ ಸಾಬರ ಹೆಂಗಸು ಬಂದರು. ಲಾರಿ ಮೆಕ್ಯಾನಿಕ್ ಒಬ್ಬರ ಹೆಂಡತಿ, ನನ್ನದೇ ವಯಸ್ಸು. ಕೀಮೋದಿಂದ ಅವರ ಕೂದಲು ಹೋಗಿತ್ತು. ನನ್ನ ಜಡೆ ನೋಡಿ, "ನಿಮ್ದು ಯಾವ ಔಷಧಿ ಅಮ್ಮಾ, ಜಡೆ ಹಂಗೇ ಇದೆ? ನಂದು ನೋಡಿ, ಸೆರಗು ಸರಿಸಿದ್ರೆ ತೆಂಗಿನಕಾಯಿ" ಎಂದರು. ನಾನು ನಕ್ಕೆ. ಅವರು ನರ್ಸಮ್ಮನನ್ನು ಕೂಗಿ, "ಸಿಸ್ಟರ್, ಹೋದ್ಸಾರಿ ನೀವು ಹಾಕಿದ್ರಲ್ಲ, ಮನೆಗೆ ಹೋಗಿ ಎರಡು ದಿವ್ಸ ಲ್ಯಾಟ್ರಿನ್ನಲ್ಲೇ ಸಂಸಾರ ಮಾಡಿದೀನಿ. ನಮ್ಮೋರು ಚಾಯ್ ಅಲ್ಲಿಗೇ ತಂದ್ಕೊಡ್ತೀನಿ ಅಂತಿದ್ರು" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಅವರ ಗಂಡ ಪಕ್ಕದಲ್ಲೇ ನಿಂತು ನಗುತ್ತಿದ್ದರು. ನರ್ಸಮ್ಮನೂ ನಕ್ಕು, ಮಾತ್ರೆ ಬರೆಸಿಕೊಡುತ್ತೇನೆ ಎಂದರು. ನಾನು ಕಿವಿಯವರೆಗೆ ಬಿಸಿಯಾಗಿ ತಲೆ ತಗ್ಗಿಸಿದೆ. ಗಂಡಸರ ಮುಂದೆ ಹೀಗೆ ಹೇಳಿ ಬದುಕುವವರೂ ಇದ್ದಾರಲ್ಲ ಎಂದು ಆಶ್ಚರ್ಯವಾಯಿತು. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮುಂದಿನ ಸಾರಿಯಿಂದ ಅವರ ದಿನ ಬೇರೆಯಾಯಿತು. ಮತ್ತೆ ನಾನು ಅವರನ್ನು ನೋಡಲಿಲ್ಲ.

ನಿಮ್ಮ ಮನೆಯಲ್ಲಿ ಬೆಳಗಿನ ಗಲಾಟೆ ಮುಗಿದು ಎಲ್ಲರೂ ಹೊರಟ ಮೇಲೆ ಗೋಪಾಳದ ಆ ಬೀದಿಯಲ್ಲಿ ಸದ್ದೇ ಇರುವುದಿಲ್ಲ. ತರಕಾರಿ ಗಾಡಿಯವನ ಮೈಕು ಬಂದು ಹೋಗುತ್ತದೆ. ಎದುರು ಮನೆಯವರು ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಭದ್ರಾವತಿಯಲ್ಲಿ ಗೋಡೆಯಾಚೆಯಿಂದ ಮಾತು ಬರುತ್ತಿತ್ತು, ಇಲ್ಲಿ ಗೋಡೆ ಎತ್ತರ. ನೆಂಟರು ಮೊದಲ ತಿಂಗಳು ಬಂದರು. ಕಿತ್ತಳೆ ಹಣ್ಣು ತಂದು, ನನ್ನ ಎದುರು ಹವಾಮಾನದ ಮಾತಾಡಿ, ಗೇಟಿನ ಹತ್ತಿರ ನಿಮ್ಮ ಅಮ್ಮನ ಜೊತೆ ಪಿಸುಗುಟ್ಟಿ ಹೋದರು. ಆಮೇಲೆ ಬರುವುದು ನಿಂತಿತು. ರೋಗದ ಹೆಸರು ಯಾರೂ ನನ್ನ ಮುಂದೆ ಎತ್ತುತ್ತಿರಲಿಲ್ಲ. ಬಾಯಿಪಾಠ ಮಾಡಿದ ಹೆಸರು ನನ್ನಲ್ಲೇ ಉಳಿಯಿತು. ಮಧ್ಯಾಹ್ನ ಒಬ್ಬಳೇ ಕೂತಾಗ ಒಂದೆರಡು ಸಲ ಗಟ್ಟಿಯಾಗಿ ಹೇಳಿ ನೋಡಿದ್ದೇನೆ.

ಕೆಲವು ಡ್ರಿಪ್ಪುಗಳಾದ ಮೇಲೆ ಸ್ಕ್ಯಾನ್ ಮಾಡಿದರು. ಗಂಟು ಬೆಳೆದಿರಲಿಲ್ಲ, ಒಂದು ಕಡೆ ತೆಳುವಾಗಿತ್ತು. ನೀರು ತುಂಬುವುದು ನಿಂತಿತ್ತು. ನಿಮ್ಮ ಅಮ್ಮ ಆ ಸಂಜೆ ಶಾವಿಗೆ ಪಾಯಸ ಮಾಡಿದಳು, ನಿಮಗೆ ನೆನಪಿರಬಹುದು. ಆ ವಾರದಲ್ಲೇ ನನಗೆ ಹೊಟ್ಟೆ ಕೆಟ್ಟಿತು.

ಮೊದಲು ಪಾಯಸದಿಂದ ಅಂದುಕೊಂಡೆ. ಆಮೇಲೆ ಔಷಧದ ಉಷ್ಣ ಅಂದುಕೊಂಡೆ. ಮೆಂತ್ಯ ನೆನೆಸಿ ಮಜ್ಜಿಗೆಯಲ್ಲಿ ಕುಡಿದೆ. ನೀವು ತಿಂದು ಬಿಟ್ಟ ದಾಳಿಂಬೆಯ ಸಿಪ್ಪೆ ಒಣಗಿಸಿ ಕಷಾಯ ಮಾಡಿದೆ. ನಿಲ್ಲಲಿಲ್ಲ. ನಿಮ್ಮ ಮನೆಯ ಬಚ್ಚಲುಮನೆ ಹಾಲಿಗೆ ಅಂಟಿಕೊಂಡೇ ಇದೆ. ನಿಮ್ಮ ಅಪ್ಪ ಅಲ್ಲೇ ಕೂತು ಟಿ.ವಿ. ನೋಡುತ್ತಾರೆ. ಅವರ ಮುಂದೆ ಪದೇ ಪದೇ ಎದ್ದು ಹೋಗುವುದಕ್ಕೆ ನನಗೆ ಆಗುತ್ತಿರಲಿಲ್ಲ. ಒಳಗಿನ ಸದ್ದು ಹೊರಗೆ ಕೇಳಿಸುತ್ತದೆ ಎಂದು ನಲ್ಲಿ ಬಿಟ್ಟುಕೊಂಡು ಕೂರುತ್ತಿದ್ದೆ. ಕೊನೆಗೆ ಒಂದು ಉಪಾಯ ಮಾಡಿದೆ. ಊಟ ಕಡಿಮೆ ಮಾಡಿದೆ, ನೀರು ಕುಡಿಯುವುದನ್ನು ಬಿಟ್ಟೆ. ಒಳಗೆ ಹೋಗದಿದ್ದರೆ ಹೊರಗೆ ಬರುವುದೂ ಇಲ್ಲ ಎಂದುಕೊಂಡೆ. ಹಸಿವಿಲ್ಲ ಎಂದು ನಿಮ್ಮ ಅಮ್ಮನಿಗೆ ಹೇಳಿದೆ. ಅವಳಿಗೆ ನಿಜ ಹೇಳಬಹುದಿತ್ತು. ಹೇಳಿದರೆ ಅವಳು ಗಂಡನಿಗೆ ಹೇಳುತ್ತಾಳೆ, ಅವರು ಡಾಕ್ಟರಿಗೆ ಹೇಳುತ್ತಾರೆ, ಮೂವರೂ ಕೂತು ನನ್ನ ಹೊಟ್ಟೆಯ ವಿಷಯ ಮಾತಾಡುತ್ತಾರೆ. ಅದನ್ನು ನೆನೆಸಿಕೊಂಡರೇ ಮೈ ಹಿಡಿಯಾಗುತ್ತಿತ್ತು.

ಮುಂದಿನ ಡ್ರಿಪ್ಪಿನ ದಿನ ಬಂತು. ಕೊಡುವ ಮೊದಲು ಡಾಕ್ಟರು ನೋಡುತ್ತಾರೆ. ನಿಮ್ಮ ಅಪ್ಪ ನನ್ನ ಹಿಂದೆ ಫೈಲು ಹಿಡಿದು ನಿಂತಿದ್ದರು.

"ಸ್ವಲ್ಪ ಸೊರಗಿದೀರಲ್ಲಮ್ಮ. ಊಟ ಸೇರುತ್ತಾ?"

"ಸೇರುತ್ತೆ."

"ಮೋಷನ್ ಸರಿಯಾಗ್ತಿದೆಯಾ?"

ಹಿಂದೆ ಫೈಲಿನ ಹಾಳೆ ಸರಕ್ಕೆಂದಿತು. "ಸರಿಯಾಗಿದೆ" ಎಂದೆ.

ಅವರು ಬರೆದುಕೊಂಡರು. ನನ್ನ ಕೈಗೆ ಸೂಜಿ ಚುಚ್ಚಿದರು. ಕೆರಳಿದ್ದ ಹೊಟ್ಟೆಯ ಮೇಲೆ ಅದೇ ಔಷಧ ಮತ್ತೆ ಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ನೀವು ಶಾಲೆಯಲ್ಲಿದ್ದಿರಿ. ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ಬಚ್ಚಲುಮನೆಗೆ ಹೋದೆ. ಏಳಲು ನೋಡಿದರೆ ಕಾಲು ಬರಲಿಲ್ಲ. ಗೋಡೆ ಹಿಡಿದು ಜಾರಿ ಕೆಳಗೆ ಕೂತೆ. ನೆಲ ತಣ್ಣಗಿತ್ತು, ಅದೇ ಹಿತ ಅನ್ನಿಸಿತು. ರಕ್ತ ಹೋಗಿತ್ತು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಹೀಗೇ ಕೂತಿದ್ದರೆ ಸಂಜೆ ನೀವು ಬಂದು ಬಾಗಿಲು ಬಡಿಯುತ್ತೀರಿ ಅನ್ನಿಸಿತು. ಚಿಕ್ಕವನು ಮೊದಲು ಬರುತ್ತಾನೆ, ಬಂದವನೇ ಬಚ್ಚಲಿಗೆ ಓಡುತ್ತಾನೆ. ಅವನು ಇದನ್ನು ನೋಡಬಾರದು ಎಂದು ಅಳು ಬಂತು. ಕಣ್ಣಲ್ಲಿ ನೀರು ಬರಲಿಲ್ಲ.

ಹೊರಗೆ ಸ್ಕೂಟರ್ ನಿಂತ ಸದ್ದು. ನಿಮ್ಮ ಅಪ್ಪ ಊಟಕ್ಕೆ ಬಂದಿದ್ದರು. ತಟ್ಟೆಯ ಸದ್ದು ಕೇಳಿತು. ನಾನು ಬಡಿಸಲು ಬರಲಿಲ್ಲ ಎಂದು ಅವರಿಗೆ ಅನುಮಾನ ಬಂದಿರಬೇಕು. ಒಂದು ಕೆಮ್ಮು ಕೆಮ್ಮಿದರು. ಮನೆಯಲ್ಲಿ ನಾನಿದ್ದೇನಾ ಎಂದು ತಿಳಿಯಲು ಅವರು ಯಾವಾಗಲೂ ಹಾಗೆ ಕೆಮ್ಮುತ್ತಾರೆ. ನಾನು ಬಳೆ ಆಡಿಸಿಯೋ ಪಾತ್ರೆ ಸರಿಸಿಯೋ ಉತ್ತರ ಕೊಡುವುದು ರೂಢಿ. ಈಗ ಕೈಯಲ್ಲಿ ಅಷ್ಟೂ ಬಲವಿರಲಿಲ್ಲ. ಅವರು ಇನ್ನೊಮ್ಮೆ ಕೆಮ್ಮಿದರು. ಹೆಜ್ಜೆ ಹತ್ತಿರ ಬಂತು, ಬಾಗಿಲಿಂದ ಸ್ವಲ್ಪ ದೂರದಲ್ಲಿ ನಿಂತಿತು.

"ಅತ್ತೆ, ಒಳಗಿದೀರಾ?"

ಮನೆಯಲ್ಲಿ ನಮ್ಮ ಮಾತು ದಾಟಿಸಲು ಯಾರೂ ಇರಲಿಲ್ಲ. ನೀವಿಬ್ಬರೂ ಇರಲಿಲ್ಲ, ನಿಮ್ಮ ಅಮ್ಮನೂ ಇರಲಿಲ್ಲ. ಬಾಗಿಲು ಮಾತ್ರ ಇತ್ತು.

"ಇದೀನಿ" ಎಂದೆ. "ಏಳಕ್ಕಾಗ್ತಿಲ್ಲ."

ಅವರು ಬಾಗಿಲು ತಳ್ಳಲಿಲ್ಲ. "ಚಿಲಕ ಹಾಕಿದೀರಾ?" ಎಂದರು.

"ಇಲ್ಲ. ಬರಬೇಡಿ."

"ಬರಲ್ಲ. ಏನಾಯ್ತು ಹೇಳಿ."

ನಾನು ಗೋಡೆಗೆ ತಲೆ ಆನಿಸಿದೆ. ಅವರೇ ಕೇಳಿದರು. "ಬಿದ್ರಾ?"

"ಇಲ್ಲ."

"ಹೊಟ್ಟೆನಾ?"

"ಹೂಂ."

"ಭೇದಿನಾ?"

ಆ ಮಾತು ಅವರ ಬಾಯಿಂದಲೇ ಬಂದಿತ್ತು. ಒಮ್ಮೆ ಬಂದ ಮೇಲೆ ನನಗೆ ಹೂಂ ಅನ್ನುವುದಷ್ಟೇ ಉಳಿದಿತ್ತು. ಸುಟ್ಟ ಮೋಟಾರು ತಂದ ರೈತನನ್ನು ಕೇಳುವ ಹಾಗೆ ಒಂದೊಂದಾಗಿ ಕೇಳಿದರು. ಯಾವಾಗಿಂದ, ದಿನಕ್ಕೆ ಎಷ್ಟು ಸಲ, ನೀರಿನ ಹಾಗೆಯೋ, ರಕ್ತ ಇದೆಯೋ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. ಬಾಗಿಲ ಈಚೆ ಕೂತು ನಾನು ಎಲ್ಲಕ್ಕೂ ಉತ್ತರ ಹೇಳಿದೆ. ಮುಖ ಕಾಣುತ್ತಿದ್ದರೆ ಹೇಳುತ್ತಿರಲಿಲ್ಲ.

"ಹೋದ ಡ್ರಿಪ್ಪಿಗಿಂತ ಮೊದಲೇ ಇತ್ತಾ?" ಎಂದರು.

"ಇತ್ತು."

ಅವರು ಎರಡು ಹೆಜ್ಜೆ ಹಿಂದೆ ಸರಿದ ಸದ್ದಾಯಿತು. ಆಮೇಲೆ, "ಸೀರೆ ಸರಿ ಮಾಡ್ಕೊಳ್ಳಿ. ನಾನು ಎದುರು ಮನೇಲಿ ನೋಡ್ತೀನಿ, ಅವರಿಲ್ಲ ಅಂದ್ರೆ ನಾನೇ ಎತ್ತಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ" ಎಂದರು.

ಎದುರು ಮನೆಗೆ ಬೀಗ. ಅವರೇ ಬಂದರು. ಬೆಡ್‌ಶೀಟು ತಂದಿದ್ದರು. ಅದನ್ನು ನನ್ನ ಮೇಲೆ ಹೊದಿಸಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಎತ್ತಿದರು. ನಾನು ಕಣ್ಣು ಮುಚ್ಚಿದ್ದೆ. ಅವರ ಅಂಗಿಗೆ ಅಂಗಡಿಯ ವಾರ್ನಿಷ್ ವಾಸನೆ. ಆಟೋದಲ್ಲಿ ಈ ಸಲ ಪಕ್ಕದಲ್ಲೇ ಕೂತರು, ನಾನು ಓರೆಯಾದಾಗಲೆಲ್ಲ ಭುಜ ಕೊಟ್ಟರು. ದಾರಿಯಲ್ಲೇ ಡಾಕ್ಟರಿಗೆ ಫೋನು ಮಾಡಿ, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಆಟೋದವನಿಗೂ ಕೇಳಿಸಿತು. ಆಗ ನನಗೆ ನಾಚಿಕೆಯಾಗಲಿಲ್ಲ, ಬಾಯಾರಿಕೆಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಹಾಕಿದರು. ಎದ್ದ ಕಣಗಳನ್ನು ಮತ್ತೆ ಕೂರಿಸುವ ಔಷಧ. ಇನ್ನೂ ತಡವಾಗಿದ್ದರೆ ಕರುಳು ತೂತಾಗುತ್ತಿತ್ತಂತೆ. ಡಾಕ್ಟರು ಬೈಯಲಿಲ್ಲ. ಮಂಚದ ಪಕ್ಕ ನಿಂತು, "ನೀವು ಒಂದು ಮಾತು ಹೇಳಿದ್ದಿದ್ರೆ ಆ ಡ್ರಿಪ್ ತಡೆಹಿಡೀತಿದ್ದೆ ಅಮ್ಮಾ. ಈಗ ಅದನ್ನ ಪೂರ್ತಿ ನಿಲ್ಲಿಸಬೇಕು" ಎಂದರು.

"ಗಂಟು?" ಎಂದೆ.

"ಕಾಯ್ದು ನೋಡಬೇಕು."

ಆ ಮಲಗಿದ್ದ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಿಮ್ಮ ಅಮ್ಮ ಸಂಜೆ ಬಂದು ಬೆಳಿಗ್ಗೆ ಅಲ್ಲಿಂದಲೇ ಶಾಲೆಗೆ ಹೋಗುತ್ತಿದ್ದಳು. ಅವಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಒಂದು ದಿನ ತಲೆ ಬಾಚುವಾಗ, "ನಂಗೂ ಹೇಳಕ್ಕಾಗ್ಲಿಲ್ವಾ ನಿಂಗೆ? ನಾನೇನು ಗಂಡಸಾ?" ಎಂದಳು. ಬಾಚಣಿಗೆ ಜೋರಾಗಿ ಎಳೆದಳು. ಅವಳು ಹೋದ ಮೇಲೆ ದಿನವಿಡೀ ಕಿಟಕಿಯಾಚೆಯ ನೀರಿನ ಟ್ಯಾಂಕಿನ ಮೇಲೆ ಕೂತ ಪಾರಿವಾಳ ನೋಡುತ್ತಿದ್ದೆ. ಮೈಯೊಳಗೆ ಒಂದು ಔಷಧ ಎಬ್ಬಿಸುತ್ತದೆ, ಇನ್ನೊಂದು ಮಲಗಿಸುತ್ತದೆ. ಆ ಜಗಳ ನಡೆಯುವ ಮನೆಯಲ್ಲಿ ನಾನು ಯಾರೋ ನೆಂಟಳು ಅನ್ನಿಸುತ್ತಿತ್ತು.

ಮನೆಗೆ ಬಂದ ಮೇಲೆ ಸ್ಟೀರಾಯ್ಡ್ ಮಾತ್ರೆಗಳನ್ನು ನಿಧಾನವಾಗಿ ಕಡಿಮೆ ಮಾಡಿದರು. ಮುಖ ಊದಿದ್ದು ಆ ಮಾತ್ರೆಗಳಿಂದ. ಚಿಕ್ಕವನು ನನ್ನನ್ನು ನೋಡಿ, "ಅಜ್ಜಿ ಬನ್ ಥರ ಆಗಿದಾಳೆ" ಎಂದದ್ದು ಸರಿಯಾಗಿಯೇ ಇತ್ತು.

ಮಳೆಗಾಲ ಕಳೆದ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ನಿಮ್ಮ ಅಪ್ಪನೇ ಕರೆದುಕೊಂಡು ಹೋದರು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಔಷಧ ನಿಲ್ಲಿಸಿದ್ದರೂ ಗಂಟು ಹೆಚ್ಚು ಕಡಿಮೆ ಅಲ್ಲೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ದಪ್ಪವಾದ ಹಾಗಿದೆ, ಅದು ಗಂಟೇ ಹೌದೋ ಅಲ್ಲವೋ ಈಗಲೇ ಹೇಳಲಾಗದು ಎಂದರು. ಎರಡು ಔಷಧದಲ್ಲಿ ಹೊಟ್ಟೆಗೆ ಹೆಚ್ಚು ತೊಂದರೆ ಕೊಡುವುದನ್ನು ಬಿಟ್ಟು ಒಂದನ್ನೇ ಮತ್ತೆ ಶುರು ಮಾಡಬಹುದು. ಹೊಟ್ಟೆ ಮತ್ತೆ ಕೆರಳಬಹುದು. ಅಥವಾ ಏನೂ ಕೊಡದೆ ಕಾಯಬಹುದು. ಎರಡರಲ್ಲೂ ಭಯ ಇದೆ. ಇದನ್ನೂ ಅವರು ಅಭ್ಯಾಸದಂತೆ ನಿಮ್ಮ ಅಪ್ಪನ ಮುಖ ನೋಡಿಯೇ ಹೇಳಿದರು.

ನಿಮ್ಮ ಅಪ್ಪ, "ಅತ್ತೆನೇ ಹೇಳ್ತಾರೆ ಸರ್" ಎಂದು ಹೊರಗೆ ಹೋಗಲು ಎದ್ದರು.

"ಕೂತ್ಕೊಳ್ಳಿ" ಎಂದೆ.

ಅವರು ಕೂತರು. ನಾನು ಡಾಕ್ಟರನ್ನು ಕೇಳಿದೆ. "ಮತ್ತೆ ಹೊಟ್ಟೆಗೆ ಬಂದ್ರೆ, ಮೊದಲ್ನೇ ದಿನಾನೇ ಹೇಳಿದ್ರೆ ತಡೀಬಹುದಾ?"

"ಹೆಚ್ಚು ಪಾಲು ತಡೀಬಹುದು. ಆದ್ರೆ ಮೊದಲ್ನೇ ದಿನಾನೇ ಹೇಳಬೇಕು. ಇಲ್ಲಾಂದ್ರೆ ನಾನು ಕೊಡೋದೇ ಇಲ್ಲ. ದಿನಾ ಒಬ್ಬರು ನಿಮ್ಮನ್ನ ಕೇಳಬೇಕು, ನೀವು ನಿಜ ಹೇಳಬೇಕು. ಮನೇಲಿ ಹಗಲು ಯಾರಿರ್ತಾರೆ?"

"ಯಾರೂ ಇರಲ್ಲ" ಎಂದೆ.

"ನಾನು ಕೇಳ್ತೀನಿ" ಎಂದರು ನಿಮ್ಮ ಅಪ್ಪ.

ಡಾಕ್ಟರು ನನ್ನ ಕಡೆ ನೋಡಿದರು. ನಿಮ್ಮ ಅಪ್ಪ ನೆಲ ನೋಡುತ್ತಿದ್ದರು. ನನಗೆ ನಿಮ್ಮ ಮುಖಗಳು ನೆನಪಾಗಿ ಧೈರ್ಯ ಬಂತು ಎಂದು ಬರೆದರೆ ನಿಮಗೆ ಸಂತೋಷವಾಗುತ್ತದೆ. ಆದರೆ ಆಗ ನನಗೆ ನೆನಪಾದದ್ದು ಆ ತಣ್ಣನೆಯ ನೆಲ. ಅಲ್ಲಿ ಮತ್ತೆ ಒಬ್ಬಳೇ ಕೂರಲು ನನಗೆ ಇಷ್ಟವಿರಲಿಲ್ಲ.

"ಹೇಳ್ತೀನಿ" ಎಂದೆ. "ಹಾಕಿ."

ಒಂದೇ ಔಷಧ ಈಗ ನಡೆಯುತ್ತಿದೆ. ಎಷ್ಟು ದಿನ ನಡೆಯುತ್ತದೋ, ಆ ಮೂಲೆಯಲ್ಲಿರುವುದು ಗಂಟೋ ಅಲ್ಲವೋ, ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ನೀವು ಶಾಲೆಗೆ ಹೋದ ಮೇಲೆ, ಹನ್ನೊಂದು ಗಂಟೆಯ ಸುಮಾರಿಗೆ ಮೊಬೈಲು ಬಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಯಾವುದೋ ಮೋಟಾರು ಓಡಿಸಿ ನೋಡುತ್ತಿರುತ್ತಾರೆ, ಆ ಸದ್ದಿನ ನಡುವೆ ನಿಮ್ಮ ಅಪ್ಪ ಕೇಳುತ್ತಾರೆ.

"ಅತ್ತೆ, ಹೊಟ್ಟೆ?"

"ಒಂದ್ಸಲ. ಗಟ್ಟಿಗೇ ಇತ್ತು."

"ಕೆರೆತ?"

"ಇಲ್ಲ."

"ಉಸಿರು?"

"ಮಹಡಿ ಮೆಟ್ಲು ಹತ್ತಿದೆ. ಪರವಾಗಿಲ್ಲ."

"ಸರಿ. ಇಡ್ತೀನಿ."

ಅಷ್ಟೇ. ಅವರು ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ನಾನು ಮೊಬೈಲನ್ನು ಕಿವಿಯ ಹತ್ತಿರವೇ ಹಿಡಿದಿರುತ್ತೇನೆ. ಇನ್ನೇನಾದರೂ ಕೇಳಬಹುದಿತ್ತು ಅನ್ನಿಸುತ್ತದೆ. ಮಳೆ ಬಂತಾ, ಅಂಗಡಿಯಲ್ಲಿ ಜನ ಇದ್ದಾರಾ, ಊಟಕ್ಕೆ ಏನು ಮಾಡಲಿ. ನಿಮ್ಮ ಅಜ್ಜ ಸುತ್ತುತ್ತಿದ್ದ ಆ ಬಿಳಿ ಹಗ್ಗದ ಬಗ್ಗೆ, ಮೋಟಾರಿಗೆ ತಂತಿ ಸುತ್ತುವ ಇವರಿಗೆ ಹೇಳಿದರೆ ಅರ್ಥವಾಗಬಹುದು ಎಂದೂ ಅನ್ನಿಸುತ್ತದೆ. ಆದರೆ ಫೋನು ಬಡಿದಾಗ ಅದೊಂದೂ ಬಾಯಿಗೆ ಬರುವುದಿಲ್ಲ. ಅತ್ತೆ ಅಳಿಯನಿಗೆ ಹೇಳಬಾರದ ಮಾತನ್ನೆಲ್ಲ ಈಗ ದಿನವೂ ಹೇಳುತ್ತೇನೆ. ಹೇಳಬಹುದಾದ ಮಾತು ಇನ್ನೂ ಒಂದೂ ಸಿಕ್ಕಿಲ್ಲ.